734 ಮತಗಳು, ಆರು ತಿಂಗಳು: ನಾರ್ತ್ ಕೆರೊಲಿನಾದ ಒಂದು ನ್ಯಾಯಮೂರ್ತಿ ಚುನಾವಣೆಯ ಪ್ರಕರಣ ಅಧ್ಯಯನ

2024ರ ನವೆಂಬರ್ 5ರಂದು ಮುಗಿದ ಚುನಾವಣೆಯಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಮತದಾರರು ಒಂದೇ ಮತಪತ್ರದಲ್ಲಿ ದೇಶದ ಅಧ್ಯಕ್ಷರನ್ನು, ಸಂಸತ್ತಿನ ಕೆಳಮನೆಯ ಸದಸ್ಯರನ್ನು, ತಮ್ಮ ಗವರ್ನರನ್ನು, ರಾಜ್ಯದ ಶಾಲಾ ಶಿಕ್ಷಣದ ಮುಖ್ಯಸ್ಥರನ್ನು ಮತ್ತು ಮೇಲಿನ ನ್ಯಾಯಾಲಯಗಳ ನ್ಯಾಯಾಧೀಶರನ್ನು ಆರಿಸಬೇಕಿತ್ತು. ಇವುಗಳಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಒಂದು ಸ್ಥಾನದ ಫಲಿತಾಂಶ ಮಾತ್ರ 2025ರ ಮೇ ತಿಂಗಳವರೆಗೆ ಇತ್ಯರ್ಥವಾಗದೆ ಉಳಿಯಿತು. ಅದೇ ಕಾಗದ, ಅದೇ ಮತದಾರ, ಅದೇ ಎಣಿಕೆಯ ಯಂತ್ರ ಆಗಿದ್ದರೂ ಒಂದು ಹುದ್ದೆಗೆ ಒಪ್ಪಿತವಾದ ಮತ ಇನ್ನೊಂದು ಹುದ್ದೆಗೆ ಪ್ರಶ್ನಾರ್ಹವಾದದ್ದು ಹೇಗೆ ಎಂಬುದೇ ಈ ಅಧ್ಯಯನದ ವಿಷಯ.

ಇಬ್ಬರು ಸ್ಪರ್ಧಿಗಳ ಹೆಸರುಗಳು ಸಾರ್ವಜನಿಕ ದಾಖಲೆಯಲ್ಲಿವೆಯಾದರೂ ಇಲ್ಲಿ ಅವರನ್ನು ಸ್ಥಾನದಿಂದಷ್ಟೇ ಗುರುತಿಸಿದ್ದೇನೆ. ಒಬ್ಬರು ಡೆಮಾಕ್ರಟಿಕ್ ಪಕ್ಷದ ಹಾಲಿ ನ್ಯಾಯಮೂರ್ತಿ. 2023ರಲ್ಲಿ ತೆರವಾದ ಸ್ಥಾನಕ್ಕೆ ಅಂದಿನ ಗವರ್ನರ್ ಅವರನ್ನು ನೇಮಿಸಿದ್ದರು. ಇನ್ನೊಬ್ಬರು ರಿಪಬ್ಲಿಕನ್ ಪಕ್ಷದವರು, ಅದೇ ರಾಜ್ಯದ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು; ಅವರನ್ನು ಇಲ್ಲಿ ಸವಾಲುದಾರರು ಎಂದು ಕರೆಯಲಾಗಿದೆ. ತಕರಾರಿಗೆ ಒಳಗಾದ ಮತದಾರರ ಗುರುತನ್ನು ಎಲ್ಲಿಯೂ ಕೊಟ್ಟಿಲ್ಲ.

ಹಿನ್ನೆಲೆ

ನ್ಯಾಯಾಧೀಶರನ್ನು ಜನರೇ ಚುನಾಯಿಸುವ ಪದ್ಧತಿ ನಮ್ಮ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ನಾರ್ತ್ ಕೆರೊಲಿನಾದ ಸುಪ್ರೀಂ ಕೋರ್ಟಿನಲ್ಲಿ ಏಳು ನ್ಯಾಯಮೂರ್ತಿಗಳಿದ್ದಾರೆ. ಅವರ ಅವಧಿ ಎಂಟು ವರ್ಷ, ಮತಪತ್ರದಲ್ಲಿ ಅವರ ಹೆಸರಿನ ಪಕ್ಕದಲ್ಲಿ ಪಕ್ಷದ ಹೆಸರೂ ಇರುತ್ತದೆ. 2022ರ ಚುನಾವಣೆಯವರೆಗೆ ಡೆಮಾಕ್ರಟರಿಗೆ 4–3ರ ಬಹುಮತವಿದ್ದ ಪೀಠ ಆ ಚುನಾವಣೆಯ ನಂತರ ರಿಪಬ್ಲಿಕನ್ನರ ಕಡೆಗೆ 5–2 ಆಗಿ ತಿರುಗಿತು. ಈ ತಿರುವಿನ ಪರಿಣಾಮ ನ್ಯಾಯಾಲಯದ ಗೋಡೆಗಳೊಳಗೆ ನಿಲ್ಲಲಿಲ್ಲ. ಪಕ್ಷದ ಲಾಭಕ್ಕಾಗಿ ಕ್ಷೇತ್ರಗಳ ಗಡಿಯನ್ನು ಕೊರೆಯುವುದು ರಾಜ್ಯ ಸಂವಿಧಾನಕ್ಕೆ ವಿರುದ್ಧ ಎಂದು ಹಿಂದಿನ ಬಹುಮತ 2022ರಲ್ಲಿ ಹೇಳಿದ್ದನ್ನು ಹೊಸ ಬಹುಮತ 2023ರ ಏಪ್ರಿಲ್‌ನಲ್ಲಿ ಅಳಿಸಿಹಾಕಿತು. ಶಾಸನಸಭೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ನಕ್ಷೆಯನ್ನು ಅಂಗೀಕರಿಸಿತು. ದೇಶದ ಸಂಸತ್ತಿನ ಕೆಳಮನೆಯಲ್ಲಿ 7–7ರಂತೆ ಸಮನಾಗಿ ಹಂಚಿಹೋಗಿದ್ದ ರಾಜ್ಯದ 14 ಸ್ಥಾನಗಳು 2024ರಲ್ಲಿ ರಿಪಬ್ಲಿಕನ್ನರಿಗೆ 10, ಡೆಮಾಕ್ರಟರಿಗೆ 4 ಎಂದಾದವು. ಶಾಲೆಗಳ ವಿಷಯದಲ್ಲೂ ಇದೇ ಮಾತು. ಬಡ ಕೌಂಟಿಗಳ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳ) ಮಕ್ಕಳಿಗೆ ಸರಿಯಾದ ಮೂಲ ಶಿಕ್ಷಣ ಒದಗಿಸುವ ಹೊಣೆ ರಾಜ್ಯದ್ದೇ ಎಂಬ, 1994ರಲ್ಲಿ ಆರಂಭವಾದ ಲಿಯಾಂಡ್ರೋ ದಾವೆ ಇದೇ ಪೀಠದ ಮುಂದೆ ಮತ್ತೆ ಮತ್ತೆ ಬಂದಿತ್ತು. ಹೀಗಾಗಿ ಮತಪತ್ರದ ಕೆಳಭಾಗದಲ್ಲಿ, ಹಲವರು ಖಾಲಿ ಬಿಟ್ಟುಬಿಡುವ ನ್ಯಾಯಮೂರ್ತಿಯ ಸಾಲು ಮೇಲಿನ ಮತ್ತು ಪಕ್ಕದ ಸಾಲುಗಳ ಭವಿಷ್ಯವನ್ನು ನಿರ್ಧರಿಸುವ ಸಾಲೂ ಆಗಿತ್ತು.

ಫಲಿತಾಂಶದ ಒಟ್ಟು ಚಿತ್ರ ಮಿಶ್ರವಾಗಿತ್ತು. ಅಧ್ಯಕ್ಷ ಹುದ್ದೆಗೆ ಡೊನಾಲ್ಡ್ ಟ್ರಂಪ್ ಅವರು ಕಮಲಾ ಹ್ಯಾರಿಸ್ ಅವರಿಗಿಂತ ಸುಮಾರು 1,83,000 ಹೆಚ್ಚು ಮತ ಪಡೆದು ರಾಜ್ಯದ 16 ಎಲೆಕ್ಟೋರಲ್ ಮತಗಳನ್ನು ಗೆದ್ದರು. ಅದೇ ದಿನ ಡೆಮಾಕ್ರಟ್ ಜಾಶ್ ಸ್ಟೈನ್ ಅವರು ಗವರ್ನರ್ ಹುದ್ದೆಯನ್ನು ಬಹಳ ದೊಡ್ಡ ಅಂತರದಿಂದ ಗೆದ್ದರು. ಶಿಕ್ಷಣದ ಮುಖ್ಯಸ್ಥರ ಹುದ್ದೆಗೆ, ಅಲ್ಲಿ ಅದಕ್ಕೆ ಸಾರ್ವಜನಿಕ ಶಿಕ್ಷಣದ ಸೂಪರಿಂಟೆಂಡೆಂಟ್ ಎನ್ನುತ್ತಾರೆ, ದೊಡ್ಡ ಕೌಂಟಿಯೊಂದರ ಶಾಲಾ ವ್ಯವಸ್ಥೆಯನ್ನು ನಡೆಸಿದ ಅನುಭವವಿದ್ದ ಡೆಮಾಕ್ರಟ್ ಅಭ್ಯರ್ಥಿ ಸುಮಾರು ಎರಡು ಶೇಕಡಾ ಅಂಶಗಳ ಅಂತರದಲ್ಲಿ ಆಯ್ಕೆಯಾದರು. ಅವರ ರಿಪಬ್ಲಿಕನ್ ಎದುರಾಳಿ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಹಾಲಿ ಸೂಪರಿಂಟೆಂಡೆಂಟರನ್ನೇ ಸೋಲಿಸಿ ಬಂದಿದ್ದರು. ಮೇಲ್ಮನವಿ ನ್ಯಾಯಾಲಯದ ಮೂರೂ ಸ್ಥಾನಗಳು ರಿಪಬ್ಲಿಕನ್ನರ ಪಾಲಾದವು. ಜನ ಪಕ್ಷವನ್ನಷ್ಟೇ ನೋಡದೆ ಹುದ್ದೆಯಿಂದ ಹುದ್ದೆಗೆ ಅಳೆದು ಮತ ಹಾಕಿದ್ದಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸುಪ್ರೀಂ ಕೋರ್ಟ್ ಸ್ಥಾನದ ಎಣಿಕೆಯಲ್ಲಿ ಚುನಾವಣೆಯ ರಾತ್ರಿ ಸವಾಲುದಾರರು ಸುಮಾರು 10,000 ಮತಗಳಿಂದ ಮುಂದಿದ್ದರು. ನಂತರದ ಹತ್ತು ದಿನಗಳಲ್ಲಿ, ಕಾನೂನಿನಂತೆಯೇ, ಅರ್ಹತೆ ಪರಿಶೀಲಿಸಿದ ಷರತ್ತಿನ ಮತಗಳೂ ಉಳಿದ ಅಂಚೆ ಮತಗಳೂ ಸೇರುತ್ತಾ ಹೋದಂತೆ ಅಂತರ ಕರಗಿ ತಿರುಗಿತು. ಯಂತ್ರದ ಮರುಎಣಿಕೆ ಮುಗಿದಾಗ ಹಾಲಿ ನ್ಯಾಯಮೂರ್ತಿಗೆ 27,70,412 ಮತ, ಸವಾಲುದಾರರಿಗೆ 27,69,678 ಮತ. ಅಂತರ 734. ಆಯ್ದ ಕೆಲವು ಮತಗಟ್ಟೆಗಳ ಮತಪತ್ರಗಳನ್ನು ಕೈಯಿಂದ ಎಣಿಸಿದ ಎರಡನೆಯ ಪರಿಶೀಲನೆಯೂ ಫಲಿತಾಂಶವನ್ನು ಬದಲಿಸಲಿಲ್ಲ. 2020ರಲ್ಲಿ ಇದೇ ರಾಜ್ಯದ ಮುಖ್ಯ ನ್ಯಾಯಮೂರ್ತಿ ಸ್ಥಾನ ಕೇವಲ 401 ಮತಗಳಲ್ಲಿ ನಿರ್ಣಯವಾಗಿ, ಸೋತ ಡೆಮಾಕ್ರಟ್ ಡಿಸೆಂಬರ್ ಮಧ್ಯದೊಳಗೆ ಸೋಲೊಪ್ಪಿಕೊಂಡಿದ್ದರು. ಅಂತರ ಚಿಕ್ಕದು ಎಂಬುದೊಂದೇ ಆರು ತಿಂಗಳ ವಿಳಂಬಕ್ಕೆ ಕಾರಣವಲ್ಲ ಎಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ.

ಸಮಸ್ಯೆ ಹುಟ್ಟಿದ್ದು ಅರ್ಜಿ ನಮೂನೆಯಲ್ಲಿ

ಸವಾಲುದಾರರು 65,000ಕ್ಕೂ ಹೆಚ್ಚು ಮತಗಳ ವಿರುದ್ಧ ತಕರಾರು ಸಲ್ಲಿಸಿದರು. ಈ ಮತಗಳಲ್ಲಿ ಬಹುಪಾಲನ್ನು ಕಳ್ಳರು ಹಾಕಿದ್ದಾರೆಂದಾಗಲಿ, ಸತ್ತವರ ಹೆಸರಿನಲ್ಲಿ ಹಾಕಿದ್ದಾರೆಂದಾಗಲಿ ಅವರು ಹೇಳಲಿಲ್ಲ. ಆ ಪಟ್ಟಿಯ ಬಹುಪಾಲು, ಸುಮಾರು 60,000 ಮಂದಿ, ಮತದಾರರಾಗಿ ನೋಂದಾಯಿಸಿಕೊಂಡಾಗ ಚಾಲನಾ ಪರವಾನಗಿಯ ಸಂಖ್ಯೆಯಾಗಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಾಗಲಿ ದಾಖಲೆಯಲ್ಲಿ ಕಾಣಿಸುತ್ತಿಲ್ಲ ಎಂಬುದು ಆಕ್ಷೇಪ. 2002ರ ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ಕಾನೂನು, ಈ ಸಂಖ್ಯೆಯನ್ನು ಕೇಳುತ್ತದೆ, ನಿಜ. ಆದರೆ ರಾಜ್ಯದ ಚುನಾವಣಾ ಮಂಡಳಿ ವರ್ಷಗಟ್ಟಲೆ ಹಂಚಿದ ನೋಂದಣಿ ನಮೂನೆಯಲ್ಲಿ ಆ ಕಾಲಂ ಕಡ್ಡಾಯ ಎಂಬುದು ಸ್ಪಷ್ಟವಾಗಿರಲಿಲ್ಲ. ಖಾಲಿ ಬಿಟ್ಟವರ ಅರ್ಜಿಯನ್ನೂ ಕಚೇರಿ ಸ್ವೀಕರಿಸಿತು, ಕಾರ್ಡು ಕಳುಹಿಸಿತು, ಮತ ಹಾಕಲು ಬಿಟ್ಟಿತು.

ಇನ್ನು ಕೆಲವರು ಸಂಖ್ಯೆಯನ್ನು ಬರೆದೇ ಇದ್ದರು. ಸರಕಾರದ ಬೇರೆ ದಾಖಲೆಗಳೊಡನೆ ಹೆಸರು ತಾಳೆಯಾಗದ ಕಾರಣ, ಮದುವೆಯ ನಂತರ ಬದಲಾದ ಕುಲನಾಮ ಅಥವಾ ಅಡ್ಡಗೆರೆಯಿಂದ ಜೋಡಿಸಿದ ಹೆಸರು ಇಂಥವುಗಳಿಂದಾಗಿ, ಅದು ಮತದಾರರ ಕಡತದಲ್ಲಿ ಉಳಿದಿರಲಿಲ್ಲ. ಒಂದು ದಾಖಲೆಯಲ್ಲಿ ಅಪ್ಪನ ಹೆಸರಿನ ಇನಿಷಿಯಲ್, ಇನ್ನೊಂದರಲ್ಲಿ ಊರಿನ ಹೆಸರು, ಪಾಸ್‌ಪೋರ್ಟಿನಲ್ಲಿ ಮೂರೂ ಸೇರಿದ ಉದ್ದನೆಯ ಸಾಲು, ಹೀಗೆ ಬದುಕುವ ನಮ್ಮವರಿಗೆ ಈ ತಾಳೆಯ ತೊಂದರೆಯನ್ನು ವಿವರಿಸಬೇಕಾಗಿಲ್ಲ. ರಾಜ್ಯದ ರಾಜಧಾನಿ ರಾಲಿಯ ಪಕ್ಕದ ಕ್ಯಾರಿ, ಮಾರಿಸ್‌ವಿಲ್ ಪಟ್ಟಣಗಳಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರೂ ತಮ್ಮ ನೋಂದಣಿ ದಾಖಲೆಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಪ್ರಕರಣದ ನಿಜವಾದ ತಿರುವು ಮತದಾನಕ್ಕೆ ಸುಮಾರು ಒಂದು ವರ್ಷ ಮೊದಲೇ ಬಂದಿತ್ತು ಎಂಬುದು ನನ್ನ ಅಭಿಪ್ರಾಯ. ಮತದಾರರೊಬ್ಬರ ದೂರಿನ ಮೇಲೆ 2023ರ ಡಿಸೆಂಬರ್‌ನಲ್ಲಿ ಚುನಾವಣಾ ಮಂಡಳಿ ನಮೂನೆಯ ದೋಷವನ್ನು ಒಪ್ಪಿಕೊಂಡು ಅದನ್ನು ತಿದ್ದಿತು. ಆದರೆ ಹಳೆಯ ನಮೂನೆಯಲ್ಲಿ ನೋಂದಾಯಿಸಿಕೊಂಡವರನ್ನು ಮತ್ತೆ ಸಂಪರ್ಕಿಸಿ ಸಂಖ್ಯೆ ಪಡೆಯುವುದು ಬೇಡ ಎಂದು ತೀರ್ಮಾನಿಸಿತು. ಮತಗಟ್ಟೆಗೆ ಬಂದಾಗ ಹೇಗೂ ಅವರು ಗುರುತನ್ನು ತೋರಿಸುತ್ತಾರಲ್ಲ ಎಂಬ ವಾದ ಅಂದು ಒಪ್ಪತಕ್ಕದ್ದಾಗಿಯೇ ಕಂಡಿತು. ಕಾಗದವನ್ನು ತಿದ್ದಿ ಕಡತವನ್ನು ಹಾಗೇ ಬಿಟ್ಟ ಆ ನಿರ್ಧಾರವೇ, ಅಂತರ ಮೂರು ಅಂಕಿಗೆ ಇಳಿದ ದಿನ, ತಕರಾರಿಗೆ ಸಿದ್ಧವಾದ ಪಟ್ಟಿಯಾಯಿತು. ಹಾಲಿ ನ್ಯಾಯಮೂರ್ತಿಯ ತಂದೆತಾಯಿಯ ಹೆಸರುಗಳೂ ಆ ಪಟ್ಟಿಯಲ್ಲಿದ್ದವು.

ಎರಡನೆಯ ಗುಂಪು ವಿದೇಶದಲ್ಲಿರುವ ನಾಗರಿಕರು ಮತ್ತು ಸೈನಿಕ ಕುಟುಂಬಗಳು. ಇವರು ಅಂಚೆ ಅಥವಾ ಆನ್‌ಲೈನ್ ಮೂಲಕ ಮತ ಕಳುಹಿಸುವಾಗ ಭಾವಚಿತ್ರವಿರುವ ಗುರುತಿನ ಪ್ರತಿಯನ್ನು ಲಗತ್ತಿಸಿರಲಿಲ್ಲ. ಲಗತ್ತಿಸಬೇಕಾಗಿಲ್ಲ ಎಂದು ಚುನಾವಣಾ ನಿಯಮವೇ ಹೇಳುತ್ತಿತ್ತು. ಈ ಆಕ್ಷೇಪವನ್ನು ರಾಜ್ಯದ 100 ಕೌಂಟಿಗಳಿಗೂ ಅನ್ವಯಿಸಲಿಲ್ಲ. ಮೊದಲು ಗಿಲ್ಫರ್ಡ್, ಆಮೇಲೆ ಡರ್ಹಮ್, ಫೋರ್ಸಿತ್, ಬಂಕಂಬ್, ಅಂದರೆ ಡೆಮಾಕ್ರಟರಿಗೆ ಒಲವಿರುವ ನಾಲ್ಕೇ ಕೌಂಟಿಗಳ ಮತದಾರರನ್ನು ಪಟ್ಟಿಗೆ ಸೇರಿಸಲಾಯಿತು. ಮೂರನೆಯದು ಸುಮಾರು 260 ಮಂದಿಯ ಚಿಕ್ಕ ಗುಂಪು: ತಂದೆತಾಯಿ ಈ ರಾಜ್ಯದವರಾಗಿದ್ದು, ತಾವು ವಿದೇಶದಲ್ಲೇ ಬೆಳೆದು, ಇಲ್ಲಿ ಎಂದೂ ವಾಸಿಸದವರು. ಅವರಿಗೆ ಮತದ ಹಕ್ಕನ್ನು 2011ರಲ್ಲಿ ಶಾಸನಸಭೆಯೇ ಕೊಟ್ಟಿತ್ತು. ಅವರಲ್ಲಿಯೂ ಕೆಲವರು ನಿಜವಾಗಿ ರಾಜ್ಯದಲ್ಲಿ ವಾಸಿಸಿದ್ದು, ಅರ್ಜಿಯಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಿದವರೆಂದು ಆಮೇಲೆ ಹೊರಬಿತ್ತು.

ಮತ್ತೊಂದು ಸೂಕ್ಷ್ಮ ಸಂಗತಿ ಇಡೀ ಪ್ರಕರಣಕ್ಕೆ ಬೀಗದ ಕೈಯಂತಿದೆ. ನಾರ್ತ್ ಕೆರೊಲಿನಾದಲ್ಲಿ ಮುಂಗಡವಾಗಿ ಅಥವಾ ಅಂಚೆಯಲ್ಲಿ ಹಾಕಿದ ಮತಪತ್ರವನ್ನು ಗುರುತು ಸಂಖ್ಯೆಯ ನೆರವಿನಿಂದ ಮರಳಿ ಹುಡುಕಿ ತೆಗೆಯಬಹುದು. ಚುನಾವಣೆಯ ದಿನ ಮತಗಟ್ಟೆಯಲ್ಲಿ ಹಾಕಿದ್ದನ್ನು ಹಾಗೆ ತೆಗೆಯಲು ಬರುವುದಿಲ್ಲ. ನೋಂದಣಿಯಲ್ಲಿ ಇದೇ ಕೊರತೆಯಿದ್ದು ನವೆಂಬರ್ 5ರಂದೇ ಮತ ಹಾಕಿದವರು ಹೀಗಾಗಿ ಪಟ್ಟಿಯಿಂದ ಹೊರಗುಳಿದರು. ದೋಷ ಒಂದೇ, ಶಿಕ್ಷೆ ಮಾತ್ರ ಹುಡುಕಲು ಸಿಕ್ಕವರಿಗೆ. ಅಷ್ಟೇ ಅಲ್ಲ, ಅದೇ ಮತಪತ್ರದಲ್ಲಿ ಅಧ್ಯಕ್ಷರಿಗೂ ಶಿಕ್ಷಣ ಮುಖ್ಯಸ್ಥರಿಗೂ ಬಿದ್ದ ಮತವನ್ನು ಯಾರೂ ಪ್ರಶ್ನಿಸಲಿಲ್ಲ. ಶಿಕ್ಷಣ ಮುಖ್ಯಸ್ಥರು 2025ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡು ಕೆಲಸ ಆರಂಭಿಸಿಯೂ ಆಗಿತ್ತು.

ಪ್ರಯತ್ನಗಳು, ಒಂದರ ಮೇಲೊಂದು

ತಕರಾರಿಗೆ ಒಳಗಾದವರಿಗೆ ಸುದ್ದಿ ಮುಟ್ಟಿಸಲು ರಿಪಬ್ಲಿಕನ್ ಪಕ್ಷ ಆರಿಸಿಕೊಂಡ ದಾರಿ ಒಂದು ಪೋಸ್ಟ್‌ಕಾರ್ಡು. ಅದರ ಮೇಲೆ ಕ್ಯೂಆರ್ ಕೋಡ್ ಇತ್ತು; ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಸಾವಿರಾರು ಹೆಸರುಗಳ ಪಟ್ಟಿಗಳಲ್ಲಿ ತಮ್ಮ ಹೆಸರನ್ನು ಮತದಾರರೇ ಹುಡುಕಿಕೊಳ್ಳಬೇಕಿತ್ತು. ಜಾಹೀರಾತೆಂದು ಕಸದ ಬುಟ್ಟಿಗೆ ಎಸೆದವರನ್ನು ದೂರುವುದು ಕಷ್ಟ. 2024ರ ಡಿಸೆಂಬರ್ 11ರಂದು ರಾಜ್ಯ ಚುನಾವಣಾ ಮಂಡಳಿ ಈ ತಕರಾರುಗಳನ್ನು ತಿರಸ್ಕರಿಸಿತು. ನೋಂದಣಿಯ ಪ್ರಶ್ನೆಯಲ್ಲಿ ಸದಸ್ಯರು ಪಕ್ಷದ ಗೆರೆಯಂತೆ 3–2 ಆಗಿ ಒಡೆದರು. ಸರಿಯಾದ ನೋಟಿಸು ತಲುಪಿಲ್ಲ ಎಂಬುದೂ ತಿರಸ್ಕಾರದ ಕಾರಣಗಳಲ್ಲಿ ಒಂದಾಗಿತ್ತು.

ನಂತರದ ಐದು ತಿಂಗಳು ಪ್ರಕರಣ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆಯಿತು. ಸವಾಲುದಾರರು ಕೆಳಗಿನ ಹಂತಗಳನ್ನು ಬಿಟ್ಟು ನೇರವಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ, ಅಂದರೆ ತಾವು ಸೇರಬಯಸಿದ ಪೀಠಕ್ಕೇ ಹೋದರು. ಮಂಡಳಿ ಅದನ್ನು ಫೆಡರಲ್ ನ್ಯಾಯಾಲಯಕ್ಕೆ ಒಯ್ದಿತು. ಫೆಡರಲ್ ನ್ಯಾಯಾಧೀಶರು 2025ರ ಜನವರಿ 6ರಂದು ಇದು ರಾಜ್ಯದ ಕಾನೂನಿನ ಪ್ರಶ್ನೆಯೆಂದು ಹಿಂದಿರುಗಿಸಿದರು. ಮರುದಿನವೇ ರಾಜ್ಯ ಸುಪ್ರೀಂ ಕೋರ್ಟ್ ಆಯ್ಕೆಯ ಪ್ರಮಾಣಪತ್ರ ಕೊಡದಂತೆ ತಡೆಯಾಜ್ಞೆ ನೀಡಿತು. ಹಾಲಿ ನ್ಯಾಯಮೂರ್ತಿ ಈ ವಿಚಾರಣೆಯಿಂದ ಹಿಂದೆ ಸರಿದಿದ್ದರು, ಆದರೆ ಸ್ಥಾನದಲ್ಲಿ ಮುಂದುವರಿದಿದ್ದರು. ಆಮೇಲೆ ಅದೇ ಕೋರ್ಟ್ ವಿಷಯವನ್ನು ಕೆಳಗಿನಿಂದಲೇ ಆರಂಭಿಸಿ ಎಂದು ವೇಕ್ ಕೌಂಟಿಯ ವಿಚಾರಣಾ ನ್ಯಾಯಾಲಯಕ್ಕೆ ಕಳುಹಿಸಿತು. ಫೆಬ್ರವರಿ 7ರಂದು ಆ ನ್ಯಾಯಾಲಯ ಮಂಡಳಿಯ ನಿರ್ಧಾರವನ್ನು ಎತ್ತಿಹಿಡಿಯಿತು.

ಏಪ್ರಿಲ್ 4ರಂದು ಎಲ್ಲವೂ ತಲೆಕೆಳಗಾಯಿತು. ಸವಾಲುದಾರರ ಸಹೋದ್ಯೋಗಿಗಳೇ ಇರುವ ಮೇಲ್ಮನವಿ ನ್ಯಾಯಾಲಯದ ಪೀಠ 2–1ರ ಬಹುಮತದಿಂದ ತಕರಾರುಗಳನ್ನು ಒಪ್ಪಿತು. ಸುಮಾರು 60,000 ನೋಂದಣಿಯ ಮತದಾರರು ಮತ್ತು ಸಾವಿರಾರು ವಿದೇಶವಾಸಿಗಳು 15 ಕೆಲಸದ ದಿನಗಳೊಳಗೆ ತಮ್ಮ ದಾಖಲೆ ಸರಿಪಡಿಸಿಕೊಳ್ಳದಿದ್ದರೆ ಈ ಒಂದು ಹುದ್ದೆಗೆ ಅವರ ಮತ ರದ್ದು ಎಂದಿತು. ಮತ ಹಾಕಿ ಐದು ತಿಂಗಳಾದ ಮೇಲೆ, ತಮ್ಮ ಮತ ಉಳಿಸಿಕೊಳ್ಳಲು ಜನ ಕಚೇರಿ ಸುತ್ತಬೇಕಾದ ಸ್ಥಿತಿ ಅದು.

ಏಪ್ರಿಲ್ 11ರಂದು ರಾಜ್ಯ ಸುಪ್ರೀಂ ಕೋರ್ಟ್ ಈ ಆದೇಶವನ್ನು ಅರ್ಧ ಮಾತ್ರ ತಿದ್ದಿತು. ಅದರ ತರ್ಕ ಗಮನಿಸತಕ್ಕದ್ದು. ನೋಂದಣಿ ನಮೂನೆಯ ಲೋಪ ಅಧಿಕಾರಿಗಳದ್ದು, ಅದರ ಹೊರೆಯನ್ನು ಮತದಾರರ ಮೇಲೆ ಹೊರಿಸುವಂತಿಲ್ಲ ಎಂಬ ತನ್ನ ಹಳೆಯ ತೀರ್ಪುಗಳನ್ನು ನೆನೆದು, ಮಂಡಳಿಯನ್ನು ಕಟುವಾಗಿ ಟೀಕಿಸುತ್ತಲೇ, 60,000 ಮತಗಳನ್ನು ಉಳಿಸಿತು. ಆದರೆ ಅದೇ ತರ್ಕವನ್ನು ವಿದೇಶದ ಮತದಾರರಿಗೆ ಅನ್ವಯಿಸಲಿಲ್ಲ; ಅವರಿಗೆ ಗುರುತು ಸಲ್ಲಿಸಲು 30 ದಿನ ಕೊಟ್ಟಿತು, ಎಂದೂ ವಾಸಿಸದವರ ಮತಗಳನ್ನು ಹೊರಗಿಟ್ಟಿತು. ನಿಯಮ ಪುಸ್ತಕದಲ್ಲೇ ಬರೆದಿದ್ದ ವಿನಾಯಿತಿಯನ್ನು ನಂಬಿದವನು ನಮೂನೆಯನ್ನು ನಂಬಿದವನಿಗಿಂತ ಹೇಗೆ ಹೆಚ್ಚು ತಪ್ಪಿತಸ್ಥನಾದ ಎಂಬ ಪ್ರಶ್ನೆಗೆ ಆ ಆದೇಶದಲ್ಲಿ ನನಗೆ ಉತ್ತರ ಕಾಣಲಿಲ್ಲ. ಭಿನ್ನಮತ ಬರೆದ ಇಬ್ಬರಲ್ಲಿ ಒಬ್ಬರು ರಿಪಬ್ಲಿಕನ್ ನ್ಯಾಯಮೂರ್ತಿಯೇ ಆಗಿದ್ದರು.

ಅಲ್ಲಿಂದ ಪ್ರಕರಣ ಮತ್ತೆ ಫೆಡರಲ್ ನ್ಯಾಯಾಲಯಕ್ಕೆ ಮರಳಿತು. ಜನವರಿಯಲ್ಲಿ ಅದನ್ನು ವಾಪಸು ಕಳುಹಿಸಿದ್ದ ಅದೇ ನ್ಯಾಯಾಧೀಶರು, ಟ್ರಂಪ್ ಅವರ ಮೊದಲ ಅವಧಿಯಲ್ಲಿ ನೇಮಕಗೊಂಡವರು, ಮೇ 5ರಂದು ತೀರ್ಪಿತ್ತರು. ಚುನಾವಣೆ ಮುಗಿದ ಮೇಲೆ ನಿಯಮ ಬದಲಿಸಿ ಅದನ್ನು ಹಿಂದಿನಿಂದ ಜಾರಿ ಮಾಡುವುದು ನ್ಯಾಯಯುತ ವಿಧಾನದ ಸಾಂವಿಧಾನಿಕ ಭರವಸೆಗೆ ವಿರುದ್ಧ. ಆಯ್ದ ಕೆಲವೇ ಕೌಂಟಿಗಳ ಮತದಾರರಿಗೆ ಮಾತ್ರ ಹಾಗೆ ಮಾಡುವುದು ಸಮಾನತೆಗೆ ವಿರುದ್ಧ. ಎಂದೂ ವಾಸಿಸಿಲ್ಲ ಎಂದು ಗುರುತಿಸಿದವರಿಗೆ ಅದು ತಪ್ಪೆಂದು ತೋರಿಸಲು ಅವಕಾಶವನ್ನೇ ಕೊಡದಿರುವುದೂ ಸರಿಯಲ್ಲ ಎಂದರು. 734 ಮತಗಳ ಫಲಿತಾಂಶವನ್ನೇ ದೃಢೀಕರಿಸುವಂತೆ ಮಂಡಳಿಗೆ ಆದೇಶಿಸಿ, ಮೇಲ್ಮನವಿಗೆ ಏಳು ದಿನ ಕೊಟ್ಟರು. ಎರಡನೆಯ ದಿನ ಸವಾಲುದಾರರು ಸೋಲೊಪ್ಪಿಕೊಂಡರು. ಮೇ 13ರಂದು ಹಾಲಿ ನ್ಯಾಯಮೂರ್ತಿ ಪ್ರಮಾಣವಚನ ಸ್ವೀಕರಿಸಿದರು. 2024ರ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಕೊನೆಗೆ ಇತ್ಯರ್ಥವಾದ ರಾಜ್ಯಮಟ್ಟದ ಸ್ಪರ್ಧೆ ಇದು.

ಪ್ರಕರಣದಿಂದ ಕಲಿಯಬಹುದಾದದ್ದು

ಚುನಾವಣಾ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಇಲ್ಲಿರುವ ಪಾಠ 2023ರ ಡಿಸೆಂಬರ್‌ನ ನಿರ್ಧಾರದಲ್ಲಿದೆ. ದೋಷ ಗೊತ್ತಾದ ದಿನ ಅದನ್ನು ಸರಿಪಡಿಸುವ ಖರ್ಚು ಅಂಚೆಯದ್ದು ಮತ್ತು ಸಿಬ್ಬಂದಿಯದ್ದು ಮಾತ್ರ. ಅದನ್ನು ಮುಂದೂಡಿದರೆ ಖರ್ಚಿನ ಪಾಲನ್ನು ಮತದಾರರೂ ಹೊರಬೇಕಾಗುತ್ತದೆ. ಮಂಡಳಿ ಅಂದು ಕಾನೂನು ಮೀರಿತು ಎಂದು ನಾನು ಹೇಳುತ್ತಿಲ್ಲ. ಯಾವ ತಪ್ಪು ಯಾವ ಅಂತರದಲ್ಲಿ ಅಸ್ತ್ರವಾಗಬಹುದು ಎಂಬುದನ್ನು, ಅದರಲ್ಲೂ 401 ಮತಗಳ ಅನುಭವವಿದ್ದ ರಾಜ್ಯದಲ್ಲಿ, ಅದು ಊಹಿಸಬೇಕಿತ್ತು.

ಎರಡನೆಯದು ತಕರಾರಿನ ಕಾಲದ ಪ್ರಶ್ನೆ. ನಿಯಮ ಸರಿಯಿಲ್ಲ ಎನಿಸಿದರೆ ಮತದಾನಕ್ಕೆ ಮುನ್ನ ದಾವೆ ಹೂಡುವುದು ಒಂದು. ಫಲಿತಾಂಶ ನೋಡಿ ಅದೇ ನಿಯಮವನ್ನು ಪ್ರಶ್ನಿಸುವುದು ಇನ್ನೊಂದು. ವಿದೇಶದ ಸೈನಿಕರಿಗಿದ್ದ ವಿನಾಯಿತಿ ಬಚ್ಚಿಟ್ಟದ್ದಾಗಿರಲಿಲ್ಲ. ಫೆಡರಲ್ ತೀರ್ಪಿನ ಭಾರವೆಲ್ಲ ನಿಂತದ್ದು ಈ ವ್ಯತ್ಯಾಸದ ಮೇಲೆ.

ಭಾರತದ ವ್ಯವಸ್ಥೆಯೊಡನೆ ಒಂದು ಹೋಲಿಕೆ ಇಲ್ಲಿ ಉಪಯುಕ್ತ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ನಮ್ಮಲ್ಲಿ ಗೆದ್ದವರಿಗೆ ಪ್ರಮಾಣಪತ್ರ ಮೊದಲು ಸಿಗುತ್ತದೆ, ಚುನಾವಣಾ ತಕರಾರು ಅರ್ಜಿ 45 ದಿನಗಳೊಳಗೆ ಹೈಕೋರ್ಟಿಗೆ ಹೋಗುತ್ತದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಗೆದ್ದವರೂ ಹಾಗೆಯೇ ವಿಧಾನಸಭೆಯಲ್ಲಿ ಕುಳಿತರು. ನಾರ್ತ್ ಕೆರೊಲಿನಾದಲ್ಲಿ ತಕರಾರು ಪ್ರಮಾಣಪತ್ರವನ್ನೇ ತಡೆಹಿಡಿಯಿತು. ಹಾಲಿಯವರೇ ಹುದ್ದೆಯಲ್ಲಿ ಮುಂದುವರಿದದ್ದರಿಂದ ಸ್ಥಾನ ಖಾಲಿ ಬೀಳಲಿಲ್ಲ. ನಮ್ಮ ಪದ್ಧತಿಯಲ್ಲಿ ಅರ್ಜಿ ಇತ್ಯರ್ಥವಾಗುವ ಹೊತ್ತಿಗೆ ಅವಧಿಯೇ ಮುಗಿಯುವ ಅಪಾಯವಿದೆ, ಅವರದರಲ್ಲಿ ಗೆದ್ದವರು ಹೊರಗೇ ಕಾಯುವ ಅಪಾಯವಿದೆ.

ಮೂರನೆಯ ಸಂಗತಿ ಸ್ವಲ್ಪ ಅಹಿತಕರ. ನ್ಯಾಯಾಧೀಶರು ಪಕ್ಷದ ಹೆಸರಿನಲ್ಲಿ ಚುನಾಯಿತರಾದಾಗ, ಅವರ ಚುನಾವಣೆಯ ವ್ಯಾಜ್ಯವನ್ನು ತೀರ್ಮಾನಿಸುವವರೂ ಪಕ್ಷದ ಹೆಸರಿನಲ್ಲಿ ಚುನಾಯಿತರಾದ ಸಹೋದ್ಯೋಗಿಗಳೇ ಆಗಿರುತ್ತಾರೆ. ಈ ಪ್ರಕರಣದಲ್ಲಿ ಪಕ್ಷದ ಗೆರೆ ದಾಟಿದವರು ಇದ್ದರು: ಭಿನ್ನಮತ ಬರೆದ ರಿಪಬ್ಲಿಕನ್ ನ್ಯಾಯಮೂರ್ತಿ ಒಬ್ಬರು, ಜೀವಿತಾವಧಿಗೆ ನೇಮಕಗೊಂಡ ಫೆಡರಲ್ ನ್ಯಾಯಾಧೀಶರು ಇನ್ನೊಬ್ಬರು. ಆದರೆ ಫಲಿತಾಂಶ ಕೆಲವು ವ್ಯಕ್ತಿಗಳ ಎದೆಗಾರಿಕೆಯನ್ನು ನೆಚ್ಚಿಕೊಳ್ಳಬೇಕಾಗಿ ಬಂದದ್ದು ವ್ಯವಸ್ಥೆಯ ಬಲವೆಂದು ಹೇಳಲಾಗದು.

ಪ್ರಕರಣ ಮುಗಿಯುವ ಹೊತ್ತಿಗೆ ಚುನಾವಣಾ ಮಂಡಳಿಯೇ ಬದಲಾಗಿತ್ತು. ಅದರ ಸದಸ್ಯರನ್ನು ನೇಮಿಸುವ ಅಧಿಕಾರವನ್ನು ಶಾಸನಸಭೆ 2024ರ ಡಿಸೆಂಬರ್‌ನಲ್ಲಿ, ಗವರ್ನರರ ವೀಟೋವನ್ನು ಮೀರಿ, ಆ ವರ್ಷವೇ ರಿಪಬ್ಲಿಕನ್ನರು ಗೆದ್ದಿದ್ದ ರಾಜ್ಯ ಲೆಕ್ಕಪರಿಶೋಧಕರ ಹುದ್ದೆಗೆ ವರ್ಗಾಯಿಸಿತ್ತು. 2025ರ ಮೇ ತಿಂಗಳ ಕೊನೆಯಲ್ಲಿ ಫೆಡರಲ್ ನ್ಯಾಯ ಇಲಾಖೆ ಅಪೂರ್ಣ ನೋಂದಣಿಗಳ ಬಗ್ಗೆ ರಾಜ್ಯದ ಮೇಲೆ ದಾವೆ ಹೂಡಿತು. ಜುಲೈಯಲ್ಲಿ ಹೊಸ ಮಂಡಳಿ, ಸಂಖ್ಯೆ ಕಾಣಿಸದ ಒಂದು ಲಕ್ಷಕ್ಕೂ ಹೆಚ್ಚು ಮತದಾರರಿಂದ ಆ ಮಾಹಿತಿ ಪಡೆಯುವ ಕೆಲಸವನ್ನು ಆರಂಭಿಸಿತು. ಹಳೆಯ ಮಂಡಳಿ 2023ರಲ್ಲಿ ಬೇಡವೆಂದು ಬಿಟ್ಟದ್ದು ಇದೇ ಕೆಲಸವನ್ನು.